ಪರವಾಗಿಲ್ಲಮ್ಮನ ಎಡಗೈ

ಟೈಲರ್ ಅಂಗಡಿಯಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದದ್ದು ಪರವಾಗಿಲ್ಲಮ್ಮ ಎಂದು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಯಾರಾದರೂ ಆ ಹೆಸರು ಹಿಡಿದು ಕರೆದರೆ ಆಕೆಯೇ ಒಮ್ಮೆ ಹಿಂದೆ ತಿರುಗಿ ನೋಡುವ ಹಾಗಾಗಿತ್ತು. ಟೀ ತರುವವನು ಆಕೆಯ ಲೋಟವನ್ನೇ ಮರೆತು ಬಂದರೆ ಪರವಾಗಿಲ್ಲ. ಹೊರಡುವ ಹೊತ್ತಿಗೆ ಸರಿಯಾಗಿ ಮಾಸ್ಟರು ಇನ್ನೊಂದು ರಾಶಿ ಬಟ್ಟೆ ತಂದು ಸುರಿದರೆ ಅದೂ ಪರವಾಗಿಲ್ಲ. ಪುಣ್ಯಾತ್ಗಿತ್ತಿಗೆ ಬೇರೆ ಮಾತೇ ಗೊತ್ತಿರಲಿಲ್ಲವೇನೋ.

ಆಕೆಯ ಕೆಲಸ ಕೈಯಲ್ಲಿ ಕಾಜಾ ಹಾಕುವುದು, ಅಂದರೆ ಗುಂಡಿ ತೂರುವ ಸೀಳಿನ ಅಂಚಿಗೆ ಒತ್ತೊತ್ತಾಗಿ ನೂಲು ಸುತ್ತಿ ಭದ್ರ ಮಾಡುವುದು. ಮಷೀನು ಬಂದ ಮೇಲೂ ಕೋಟು ಹೊಲಿಸುವವರು ಈಕೆಯ ಕಾಜಾನೇ ಬೇಕು ಅನ್ನುತ್ತಿದ್ದರು. ಬಲಗೈ ಸೂಜಿ ಆಡಿಸುವಾಗ ಎಡಗೈಯ ಬೆರಳುಗಳು ಬಟ್ಟೆಯನ್ನು ಬಿಗಿಯಾಗಿ ಹಿಡಿದು, ಹೊಲಿಗೆಗೆ ತಕ್ಕಂತೆ ಕೂದಲೆಳೆಯಷ್ಟು ಸರಿಸುತ್ತ ಹೋಗಬೇಕು. ನೋಡುವವರ ಕಣ್ಣೆಲ್ಲ ಸೂಜಿಯ ಮೇಲೆ. ಎಡಗೈಯನ್ನು ಯಾರು ಕೇಳುತ್ತಾರೆ! ಒಡತಿಯ ಹಾಗೆ ಅದೂ ತನಗೇನು ಬೇಕೆಂದು ಬಾಯಿ ಬಿಟ್ಟದ್ದಿಲ್ಲ.

ಮನೆಯಲ್ಲಿ ಜೊತೆಗಿದ್ದವಳು ನಾದಿನಿಯೊಬ್ಬಳೇ, ತೀರಿಹೋದ ಗಂಡನ ತಂಗಿ. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂತು ಗಾಜಿನ ತೂತಿನಾಚೆಯ ಗದ್ದಲಕ್ಕೆ ಕೂಗಿ ಕೂಗಿ, ಮೆಲ್ಲಗೆ ಮಾತಾಡುವುದನ್ನೇ ಮರೆತವಳು. ಇಬ್ಬರಿಗೂ ಚೆನ್ನಾಗಿ ಹೊಂದುತ್ತಿತ್ತು. ಹೊಂದದೆ ಏನು? ಕಿಟಕಿ ಪಕ್ಕದ ಮಂಚ ನಾದಿನಿಗೆ, ಬಿಸಿನೀರು ಮೊದಲು ನಾದಿನಿಗೆ, ಮಾರುಕಟ್ಟೆಯಿಂದ ಬರುವಾಗ ಭಾರದ ಚೀಲ ಅತ್ತಿಗೆಗೆ. “ನಾನು ಹಿಡ್ಕೊಳ್ಳಾ ಅತ್ತಿಗೆ?” ಎಂದು ಅವಳು ಕೇಳುತ್ತಿದ್ದಳು, ಕೇಳುತ್ತಿರಲಿಲ್ಲ ಅನ್ನುವ ಹಾಗಿಲ್ಲ. “ಪರವಾಗಿಲ್ಲ ಬಿಡೇ” ಎಂಬ ಉತ್ತರ ಬರುವಷ್ಟರಲ್ಲಿ ಅವಳು ನಾಲ್ಕು ಹೆಜ್ಜೆ ಮುಂದಿರುತ್ತಿದ್ದಳು.

ಒಂದು ಬೆಳಿಗ್ಗೆ ಅಂಗಡಿಯ ಮೆಟ್ಟಿಲಲ್ಲಿ ಕಾಲು ಜಾರಿ ಆಕೆ ಎಡಗೈ ಊರಿ ಬಿದ್ದಳು. ಮುಂಗೈ ಮೂಳೆ ಮುರಿಯಿತು. ದೊಡ್ಡಾಸ್ಪತ್ರೆಯ ಮೂಳೆ ಡಾಕ್ಟರು ಪ್ಲಾಸ್ಟರ್ ಹಾಕಿ ಕಳಿಸಿದರು. ಚಿಕ್ಕ ವಯಸ್ಸಿನವರು, ಕೆಲಸದಲ್ಲಿ ಚುರುಕು. ಮರುದಿನದ ಹೊತ್ತಿಗೆ ನೋವು ಹೇಳತೀರದಷ್ಟು ಏರಿತ್ತು. ಪ್ಲಾಸ್ಟರಿನಿಂದ ಹೊರಗೆ ಇಣುಕುತ್ತಿದ್ದ ಬೆರಳುಗಳು ಊದಿಕೊಂಡು ನೀಲಿಗೆ ತಿರುಗಿದ್ದವು. ಮುಟ್ಟಿ ನೋಡಿದರೆ ಬೇರೆ ಯಾರದೋ ಬೆರಳು ಮುಟ್ಟಿದ ಹಾಗಾಗುತ್ತಿತ್ತು. ಆಕೆ ಒಬ್ಬಳೇ ಆಸ್ಪತ್ರೆಗೆ ಹೊರಟಳು. “ನಾನೂ ಬರ್ಲಾ?” ಎಂದು ನಾದಿನಿ ಕೇಳಿದ್ದಳು. ಆಕೆ ಏನು ಅಂದಿರಬಹುದು, ಹೇಳಬೇಕಾಗಿಲ್ಲ.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

“ತುಂಬಾ ನೋವು ಡಾಕ್ಟ್ರೇ. ಬೆರಳೆಲ್ಲ ಮರಗಟ್ಟಿದೆ.”

“ಮೂಳೆ ಮುರಿದ ಮೇಲೆ ನೋವು ಇರೋದೇ ಅಮ್ಮ,” ಎಂದರು ಡಾಕ್ಟರು, ಶಾಲಿನೊಳಗಿದ್ದ ಕೈಯ ಕಡೆ ತಿರುಗದೆಯೇ. “ಮೂಳೆ ಸರಿಯಾಗಿ ಕೂತಿದೆ. ಸ್ವಲ್ಪ ತಡ್ಕೋತೀರಾ ತಾನೇ?”

ಬಾಗಿಲಾಚೆ ಜನ ಸಾಲುಗಟ್ಟಿ ನಿಂತಿದ್ದರು. ಡಾಕ್ಟರ ಮುಖ ದಣಿದಿತ್ತು. ಆಕೆಗೆ ಅವರನ್ನು ಕಂಡು ಪಾಪ ಅನ್ನಿಸಿತು.

“ಪರವಾಗಿಲ್ಲ,” ಅಂದಳು.

ಅಲ್ಲಿಗೆ ಆ ಭೇಟಿ ಮುಗಿಯಿತು. ಎರಡು ದಿನ ಬಿಟ್ಟು ಮತ್ತೆ ಹೋದಾಗ ಬೇರೊಬ್ಬ ಡಾಕ್ಟರು ಗಾಬರಿಯಿಂದ ಪ್ಲಾಸ್ಟರ್ ಕತ್ತರಿಸುವ ಹೊತ್ತಿಗೆ, ಬಿಗಿತಕ್ಕೆ ರಕ್ತ ಓಡದೆ ಒಳಗಿನ ಮಾಂಸಖಂಡ ಸತ್ತುಹೋಗಿತ್ತು. ಮೂಳೆಯೇನೋ ಚೆಂದವಾಗಿ ಕೂಡಿಕೊಂಡಿತು. ಬೆರಳುಗಳು ಮಾತ್ರ ಅಂಗೈಯೊಳಕ್ಕೆ ಮಡಚಿಕೊಂಡು ಹಾಗೆಯೇ ನಿಂತುಬಿಟ್ಟವು. ಕೋಟಿರಲಿ, ಕರವಸ್ತ್ರ ಹಿಡಿಯುವುದೂ ಕಷ್ಟವಾಯಿತು. ಅಂಗಡಿಯ ಕಿಟಕಿ ಬಳಿಯ ಆಕೆಯ ಮಣೆ ಖಾಲಿ ಉಳಿಯಿತು.

ನಾದಿನಿ ಸುಮ್ಮನೆ ಬಿಡುವ ಪೈಕಿಯಲ್ಲ. ಆಸ್ಪತ್ರೆಗೆ ದೂರು ಕೊಟ್ಟು, ವಿಚಾರಣೆ ನಡೆಸುತ್ತೇವೆ ಎನ್ನುವವರೆಗೂ ಬೆನ್ನು ಬಿಡಲಿಲ್ಲ. ಅಷ್ಟರಲ್ಲಿ ಡಾಕ್ಟರ ಉತ್ತರವೂ ಕಿವಿಗೆ ಬಿತ್ತು: ಪೇಷೆಂಟೇ ಪರವಾಗಿಲ್ಲ ಅಂದಿದ್ದರು, ಇನ್ನು ನಾನೇನು ಮಾಡಲಿ?

“ಅವರು ಹೇಳೋದ್ರಲ್ಲಿ ಸುಳ್ಳೇನಿದೆ?” ಎಂದಳು ಪರವಾಗಿಲ್ಲಮ್ಮ. ಆಕೆಗೆ ನಿಜಕ್ಕೂ ಹಾಗೇ ಅನ್ನಿಸಿತ್ತು. ರಾತ್ರಿಯೆಲ್ಲ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಬಾಯಿಗೆ ಏನಾಗಿತ್ತು ಎಂದು ತನ್ನನ್ನೇ ಬೈದುಕೊಂಡಿದ್ದಳು.

ನಾದಿನಿ ಹಣೆ ಚಚ್ಚಿಕೊಂಡಳು. “ಅತ್ತಿಗೆ, ಅಲ್ಲಿ ಹೋಗಿ ಇನ್ನೊಂದ್ಸಲ ಆ ಮಾತು ಅಂದ್ರೋ, ಮುಗೀತು. ಕೈ ಹಾಳಾಗಿದ್ದು ನಿಮ್ಮಿಂದಾನೇ ಅಂತ ತೀರ್ಮಾನ ಮಾಡಿ ಕೈ ತೊಳ್ಕೋತಾರೆ. ನಾಳೆ ಇನ್ಯಾರದೋ ಕೈಗೂ ಇದೇ ಗತಿ.”

ಹಾಗಾಗಿ ಮನೆಯಲ್ಲಿ ಪಾಠ ಶುರುವಾಯಿತು. ನಾದಿನಿ ಬೇಕೆಂದೇ ಆಕೆಯ ಟೀ ಚೆಲ್ಲಿದಳು. “ಪರವಾಗಿಲ್ಲ, ಒರೆಸ್ತೀನಿ.” ದೀಪ ಆರಿಸಿ ಕತ್ತಲಲ್ಲಿ ಕೂರಿಸಿದಳು. “ಪರವಾಗಿಲ್ಲ, ಕಣ್ಣಿಗೆ ತಂಪು.” ಕೊನೆಗೆ ರೋಸಿಹೋಗಿ ಚಪ್ಪಲಿ ಕಾಲಲ್ಲೇ ಆಕೆಯ ಪಾದ ತುಳಿದಳು.

“ಈಗ ಹೇಳಿ, ಏನಾಯ್ತು?”

“ಏನಾಯ್ತೇ? ನಿನ್ನ ಕಾಲು ಉಳುಕಿಲ್ಲ ತಾನೇ?”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತಲೇ ನಾದಿನಿ ಗಳಗಳನೆ ಅಳತೊಡಗಿದಳು. “ನಿಮಗೆ ಈ ಮಾತು ರೂಢಿ ಮಾಡ್ಸಿದ್ದೇ ನಾವು ಅತ್ತಿಗೆ. ನಮಗೆ ಅನುಕೂಲ ಆಗ್ತಿತ್ತಲ್ಲ, ಅದಕ್ಕೆ.” ಪರವಾಗಿಲ್ಲ ಅನ್ನಲು ಆಕೆ ಬಾಯಿ ತೆರೆದಳು, ಯಾಕೋ ಆ ಮಾತು ಬಿಟ್ಟು, ಸೆರಗಿನಿಂದ ಅವಳ ಕಣ್ಣೊರೆಸಿದಳು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಮುಚ್ಚಳ ಹಾಕಿದ ನೀರಿನ ಲೋಟಗಳು, ಕಟಕಟ ಸದ್ದು ಮಾಡುವ ಫ್ಯಾನು. ಒಂದು ತುದಿಯಲ್ಲಿ ಆ ಚಿಕ್ಕ ಡಾಕ್ಟರು ಕೂತಿದ್ದರು. ನಡುವೆ ಬಿಳಿಗೂದಲಿನ ಹಿರಿಯ ಡಾಕ್ಟರಮ್ಮ. ಪರವಾಗಿಲ್ಲಮ್ಮನನ್ನು ಕಂಡೊಡನೆ ನಕ್ಕು, ಮನೆಗೆ ಬಂದವರನ್ನು ವಿಚಾರಿಸುವಂತೆ ಕೇಳಿದರು.

“ಬನ್ನಿ ಅಮ್ಮ, ಕೂತ್ಕೊಳ್ಳಿ. ಈಗ ಕೈ ಹೇಗಿದೆ?”

ಪಾಠದಲ್ಲಿ ಈ ಪ್ರಶ್ನೆ ಇರಲೇ ಇಲ್ಲ. ಅಷ್ಟು ಮೃದುವಾಗಿ ಕೇಳಿದವರ ಮುಖ ಮುರಿಯುವುದು ಹೇಗೆ? ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಪಕ್ಕದಲ್ಲಿ ನಾದಿನಿ ಕುರ್ಚಿಯ ಅಂಚಿಗೆ ಸರಿದು ಕೂತಳು. ಕೈ ಅವತ್ತಿನ ಹಾಗೆಯೇ ಶಾಲಿನೊಳಗಿತ್ತು. ಆಕೆ ಅದನ್ನು ಬಲಗೈಯಿಂದ ಎತ್ತಿ ಹೊರತೆಗೆದು ಮೇಜಿನ ಮೇಲಿಟ್ಟಳು.

“ಚೆನ್ನಾಗಿಲ್ಲ,” ಅಂದಳು.

ಹೇಳಿದ ಮೇಲೆ ಆಕೆಗೇ ಆಶ್ಚರ್ಯವಾಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

“ಮೇಡಂ, ಅವತ್ತು ಇವರೇ ಪರವಾಗಿಲ್ಲ ಅಂತ ಹೇಳಿದ್ರು,” ಎಂದರು ಚಿಕ್ಕ ಡಾಕ್ಟರು.

“ಹೌದು, ಹೇಳಿದೆ. ಮೊದಲು ತುಂಬಾ ನೋವು ಅಂದೆ. ಬೆರಳು ಮರಗಟ್ಟಿದೆ ಅಂದೆ. ಆಮೇಲೆ ಪರವಾಗಿಲ್ಲ ಅಂದೆ. ನಾನು ಎಲ್ಲರಿಗೂ ಹಾಗೇ ಅನ್ನೋದು, ಬೇಕಾದ್ರೆ ಅಂಗಡೀಲಿ ಕೇಳಿ.” ಆಕೆಯ ದನಿ ಏರಲಿಲ್ಲ. “ಆದ್ರೆ ಅಂದಿದ್ದು ನಾನು ಡಾಕ್ಟ್ರೇ. ಬೆರಳು ಅನ್ನಲಿಲ್ಲ. ಅದು ನೀಲಿಯಾಗಿ ನಿಮ್ಮ ಎದುರಿಗೇ, ಈ ಶಾಲಿನೊಳಗೇ ಇತ್ತು. ಒಂದ್ಸಲ ಶಾಲು ಸರಿಸಿ ನೋಡಿದ್ರೆ ಸಾಕಿತ್ತು.”

ಡಾಕ್ಟರಮ್ಮ ಚಿಕ್ಕ ಡಾಕ್ಟರ ಕಡೆ ತಿರುಗಿದರು.

“ಬೆರಳು ನೋಡಿದ್ರಾ?”

ಅವರು ಮೇಜಿನ ಮೇಲಿದ್ದ ಕೈಯನ್ನು ಈಗ ನೋಡಿದರು, ತುಂಬಾ ಹೊತ್ತು ನೋಡಿದರು. “ಇಲ್ಲ ಮೇಡಂ.”

ಆಸ್ಪತ್ರೆಯದೇ ಅಲಕ್ಷ್ಯ ಎಂದು ತೀರ್ಮಾನವಾಯಿತು. ಹೊರಗಿನ ಮೊಗಸಾಲೆಯಲ್ಲಿ ಚಿಕ್ಕ ಡಾಕ್ಟರು ಹಿಂದೆಯೇ ಬಂದು ನಿಂತರು. ಕಣ್ಣು ಕೆಂಪಾಗಿತ್ತು.

“ಅಮ್ಮ, ನನ್ನಿಂದ ತಪ್ಪಾಯ್ತು.”

ಪಾಪ ಅನ್ನಿಸಿತು, ಅನ್ನಿಸಲಿಲ್ಲ ಎಂದರೆ ಸುಳ್ಳು. ಆಕೆ ಅವರ ಮುಖವನ್ನೇ ನೋಡಿ, ತಲೆಯಾಡಿಸಿದಳು.

“ಹೌದಪ್ಪ, ತಪ್ಪಾಯ್ತು.”

ಗೇಟಿನ ಹೊರಗೆ ಬಿಸಿಲು ಕಾಯುತ್ತಿತ್ತು. ಎಕ್ಸ್‌ರೇ, ನೀರಿನ ಬಾಟಲಿ, ಕೊಡೆ ತುಂಬಿದ ಚೀಲ ಎಂದಿನಂತೆ ಆಕೆಯ ಹೆಗಲಿಗೇ ಜೋತಿತ್ತು.

“ನಾನು ಹಿಡ್ಕೊಳ್ಳಾ ಅತ್ತಿಗೆ?” ಎಂದಳು ನಾದಿನಿ. ಕೇಳಿ ಮುಂದೆ ಹೋಗಲಿಲ್ಲ, ಅಲ್ಲಿಯೇ ನಿಂತಳು.

ಆಕೆ ಚೀಲವನ್ನು ಹೆಗಲಿನಿಂದ ಇಳಿಸಿ ಅವಳ ಕೈಗೆ ಕೊಟ್ಟಳು.

“ತಗೋ,” ಅಂದಳು. “ತುಂಬಾ ನೋಯ್ತಿದೆ ಕಣೇ.”