ಪಟ್ಟಿಯಲ್ಲಿಲ್ಲದ ಸಂಕಟ

ಬೆಳಗಿನ ಏಳೂವರೆ. ತಾಲೂಕು ಆಸ್ಪತ್ರೆಯ ನೋಂದಣಿ ಕಿಟಕಿ ತೆರೆಯುವುದು ಒಂಬತ್ತಕ್ಕೆ. ಸಾಲು ಮಾತ್ರ ಆಗಲೇ ಬೇವಿನ ಮರ ದಾಟಿದೆ. ಮೊದಲ ಬಸ್ಸಿಗೆ ಬಂದವರು ತಮ್ಮ ಬದಲಿಗೆ ಚಪ್ಪಲಿ, ನೀರಿನ ಬಾಟಲಿಗಳನ್ನು ಸಾಲಿನಲ್ಲಿ ನಿಲ್ಲಿಸಿ ಕಟ್ಟೆಯ ಮೇಲೆ ಕೂತಿದ್ದಾರೆ. ಬಿಳಿ ಕೋಟು ತೊಟ್ಟು, ತಲೆಗೆ ಬೂದು ದುಪಟ್ಟಾ ಸುತ್ತಿದ ಹೆಂಗಸೊಬ್ಬರು ಟಿಕೆಟ್ ಕೇಳುವ ಕಂಡಕ್ಟರರಂತೆ ಸಾಲಿನುದ್ದಕ್ಕೂ ಬರುತ್ತಿದ್ದಾರೆ.

“ಏನಾಗೇತಿ ಯವ್ವಾ?”

“ಮೊಣಕಾಲು.”

“ಯಜ್ಜಾ, ನಿಮಗ?”

“ನನಗೇನಾಗಿಲ್ಲ. ಸೊಸೀನ ಕರಕೊಂಡು ಬಂದೀನಿ.”

“ಸೊಸಿಗೇನಾಗೇತಿ?”

“ಅಕೀನ ಕೇಳು. ನನ್ನ ಕೂಡ ಎಲ್ಲಿ ಮಾತಾಡ್ತಾಳ.”

ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡು, “ನಸಿಕಿನಿಂದ ಸಂಕಟರೀ” ಅನ್ನುತ್ತಾಳೆ. ಬಿಳಿ ಕೋಟು ಅಲ್ಲೇ ನಿಲ್ಲುತ್ತದೆ. ಅವಳ ಬೆನ್ನಿಗೆ ಅಂಗೈ ಒತ್ತಿ ಬೆವರು ನೋಡುತ್ತದೆ, ಮುಂಗೈ ಹಿಡಿದು ನಾಡಿ ಎಣಿಸುತ್ತದೆ. “ಚಪ್ಪಲಿ ಇಲ್ಲೇ ಇರಲಿ, ನೀ ಬಾ.”

ಇವರು ನೂರೀನ. ವಯಸ್ಸು ಮೂವತ್ತೊಂಬತ್ತು. ಹನ್ನೊಂದು ವರ್ಷಗಳಿಂದ ಇ.ಸಿ.ಜಿ. ತಂತ್ರಜ್ಞೆ, ಗುತ್ತಿಗೆಯ ಮೇಲೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಊರುಗಳಲ್ಲಿ ಒಂದರ ಆಸ್ಪತ್ರೆ ಇವರದು. “ಆಸ್ಪತ್ರಿ ಹೆಸರು ಹಾಕಬ್ಯಾಡ್ರಿ, ನನ್ನ ಹೆಸರು ಹಾಕ್ರಿ” ಅನ್ನುತ್ತಾರೆ. ಸಾಮಾನ್ಯವಾಗಿ ಜನ ಇದರ ತಿರುಗಾಮುರುಗಾ ಕೇಳುತ್ತಾರೆ.

ಸಂಕಟ ಎಂದರೆ ಪುಸ್ತಕದ ಕನ್ನಡದಲ್ಲಿ ಕಷ್ಟ, ಯಾತನೆ. ಈ ಸೀಮೆಯ ಬಾಯಲ್ಲಿ ಅದು ಎದೆಗೂ ಹೊಟ್ಟೆಗೂ ನಡುವೆ ಎಲ್ಲೋ ತೊಳಸುವುದು, ವಾಂತಿ ಬಂದಂತಾಗಿ ಬಾರದಿರುವುದು, ಜೀವ ಕಸಿವಿಸಿಯಾಗುವುದು. ನೋಂದಣಿಯ ಕಂಪ್ಯೂಟರಿಗೆ ಈ ಮಾತು ಗೊತ್ತಿಲ್ಲ. ಅದರ ಪಟ್ಟಿಯಲ್ಲಿ ನಲವತ್ತೆರಡು ತೊಂದರೆಗಳಿವೆ. ನಾಯಿ ಕಡಿತ, ಮಂಗ ಕಡಿತ ಬೇರೆ ಬೇರೆಯಾಗಿವೆ. ಪಟ್ಟಿ ಮಾಡಿದ ಪುಣ್ಯಾತ್ಮರಿಗೆ ಮಂಗಗಳ ಬಗ್ಗೆ ಇದ್ದ ಕಾಳಜಿ ದೊಡ್ಡದು. ‘ಸಂಕಟ’ ಮಾತ್ರ ಇಲ್ಲ. ಹಾಗಾಗಿ ಸಂಕಟ ಅಂದವರೆಲ್ಲ ‘ಹೊಟ್ಟೆ ತೊಂದರೆ’ ಆಗುತ್ತಾರೆ, ಏಳನೇ ನಂಬರಿನ ಸಾಲಿಗೆ ಹೋಗುತ್ತಾರೆ, ಗುಲಾಬಿ ಬಣ್ಣದ ಔಷಧಿ ಹಿಡಿದು ಮನೆಗೆ ನಡೆಯುತ್ತಾರೆ. ಕಿಟಕಿಯಲ್ಲಿ ಕೂರುವ ಭೂಮಿಕಾಳನ್ನು ಬೈದು ಉಪಯೋಗವಿಲ್ಲ. “‘ಇತರೆ’ ಒತ್ತಿದ್ರ ವಿವರ ಬರಿ ಅಂತೈತ್ರಿ ಅದು. ಬರ್ಯಾಕ ಹೋದ್ರ ಹ್ಯಾಂಗ್ ಆಗಿ ಕುಂದರತೈತಿ. ಸಾಲಿನ್ಯಾಗಿನವರು ನನ್ನ ಜೀವಾ ತಿಂತಾರ” ಅನ್ನುತ್ತಾಳೆ ಆಕೆ.

ಹೃದಯಕ್ಕೆ ತನ್ನದೇ ನರಕೋಶಗಳಿವೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಅದರ ಹಿಂಬದಿಯ ಕೊಬ್ಬಿನಲ್ಲಿ ಸಣ್ಣ ಸಣ್ಣ ಗಂಟುಗಳಾಗಿ ಸಾವಿರಾರು ಕೋಶಗಳು ಕೂತಿವೆ. ಸಣ್ಣಪುಟ್ಟದ್ದಕ್ಕೆಲ್ಲ ಮಿದುಳಿನ ಅಪ್ಪಣೆ ಕಾಯದೆ ತಮ್ಮತಮ್ಮಲ್ಲೇ ಮಾತಾಡಿಕೊಂಡು ಬಡಿತವನ್ನು ಹದದಲ್ಲಿಡುತ್ತವೆ. ರಕ್ತದ ಹರಿವು ಕಡಿಮೆಯಾಯಿತೋ, ಈ ಕೋಶಗಳಿಗೆ ಬೇಗನೆ ಗೊತ್ತಾಗುತ್ತದೆ. ಕೆಲವು ಒಂದೇ ಸಮ ಮಿಡಿಯತೊಡಗುತ್ತವೆ, ಕೆಲವು ಮಂಕಾಗುತ್ತವೆ, ಒಂದರ ಮಾತು ಇನ್ನೊಂದಕ್ಕೆ ಹೊಂದುವುದಿಲ್ಲ. ಈ ಗಲಾಟೆ ಹೆಚ್ಚಿದರೆ ಬಡಿತವೇ ಲಯ ತಪ್ಪಿ ಪ್ರಾಣಕ್ಕೆ ಬರಬಹುದು. ಹೃದಯದ ದೂರು ಮಿದುಳಿಗೂ ಹೋಗುತ್ತದೆ. ಆದರೆ ಹೊಟ್ಟೆ, ದವಡೆ, ತೋಳುಗಳ ಸುದ್ದಿ ಬಂದು ಸೇರುವ ದಾರಿಯಲ್ಲೇ ಅದೂ ಹೋಗುವುದರಿಂದ, ಕರೆದವರು ಯಾರೆಂದು ಮಿದುಳಿಗೆ ತಿಳಿಯುವುದಿಲ್ಲ. ಎದೆ ಕೂಗುತ್ತದೆ, ಹೊಟ್ಟೆ ತೊಳಸುತ್ತದೆ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಹೀಗಾಗುವುದು ಹೆಚ್ಚು.

ಕೊಟ್ಟೂರಿನಲ್ಲಿ ಪಂಪ್‌ಸೆಟ್ಟಿನ ಮೋಟರು ವೈಂಡಿಂಗ್ ಮಾಡುವ ಕಮಾಲಸಾಬರ ಮಗಳಾದ ನೂರೀನರಿಗೆ ಇದನ್ನು ಹೇಳಲು ಇಷ್ಟು ಸಾಲು ಬೇಡ. “ಲೋ ವೋಲ್ಟೇಜ್ ಬಂತಂದ್ರ ಮೋಟರು ಗುಂಯ್ ಅಂತೈತ್ರಿ. ನಮ್ಮ ಅಬ್ಬಾ ಆ ಸಪ್ಪಳಕ್ಕ ಬಂದ್ ಮಾಡತಿದ್ರು, ಹೊಗಿ ಬರೋತನಕ ಕಾಯತಿರಲಿಲ್ಲ. ಈ ಮಿಷನ್ನಿಗೆ ಸ್ನಾಯು ಕಾಣತೈತಿ, ಆ ನರದ ಗುಂಯ್ ಕಾಣಂಗಿಲ್ಲ. ಅದು ಬಾಯಾಗ ಬರತೈತಿ, ಸಂಕಟ ಅಂತ. ಕೇಳೋರು ಬೇಕಲ್ರಿ?”

ಕೇಳಿಸಿಕೊಳ್ಳಲು ಅವರು ಕಲಿತದ್ದು ತಡವಾಗಿ. ಮೂರು ವರ್ಷದ ಕೆಳಗೆ ಉಚ್ಚಂಗಿದುರ್ಗದ ಕಡೆಯ ಮಂಜಮ್ಮ ಎಂಬಾಕೆ ತಂಗಿಯ ಮನೆಗೆ ಬಂದಿದ್ದವರು ಸಂಕಟವೆಂದು ಇದೇ ಆಸ್ಪತ್ರೆಗೆ ಬಂದರು. ಇ.ಸಿ.ಜಿ. ಕೋಣೆಯ ಮುಂದಿನ ಬೆಂಚಿನಲ್ಲಿ ಅರ್ಧ ತಾಸು ಕೂತರು. ನೂರೀನ ಎರಡು ಸಲ ಅವರನ್ನು ದಾಟಿ ಹೋದರು. ಮಂಜಮ್ಮನ ಕೈಯಲ್ಲಿ ಏಳನೇ ನಂಬರಿನ ಚೀಟಿ ಇತ್ತು. ಗುಲಾಬಿ ಔಷಧಿಯ ಬಾಟಲಿ ಹಿಡಿದೇ ಬಸ್ ನಿಲ್ದಾಣದಲ್ಲಿ ಕುಸಿದರು, ಮತ್ತೆ ಏಳಲಿಲ್ಲ. “ನಾಕು ಮಾರಿನ ದೂರದಾಗ ನನ್ನ ಮಿಷನ್ ಇತ್ತು. ಚಾಲೂನೂ ಇತ್ತು” ಎಂದು ಹೇಳಿ ನೂರೀನ ಎದೆಗೆ ಹಚ್ಚುವ ಲೀಡುಗಳ ವೈರು ಬಿಡಿಸುತ್ತಾ ಕೂರುತ್ತಾರೆ. ಆ ವೈರುಗಳು ಗಂಟಾಗಿರುವುದಿಲ್ಲ.

ಅಂದಿನಿಂದ ಈ ಸಾಲಿನ ಸುತ್ತಾಟ. ಕೆಲಸದ ಸಮಯಕ್ಕೆ ಒಂದೂವರೆ ತಾಸು ಮೊದಲೇ ಬರುತ್ತಾರೆ. ಕೋಣೆಗೆ ಬಾಗಿಲಿತ್ತು, ಪರದೆ ಇರಲಿಲ್ಲ. ಕುಪ್ಪಸ ಸಡಿಲಿಸಬೇಕೆಂದರೆ ಅರ್ಧ ಹೆಂಗಸರು ಎದ್ದು ನಡೆಯುತ್ತಿದ್ದರು. ತಮ್ಮ ಹಳೆ ಸೀರೆ ಎರಡು ಹೊಲಿದು ತೂಗುಬಿಟ್ಟಿದ್ದಾರೆ. ಚಳಿಗಾಲದಲ್ಲಿ ಕ್ಲಿಪ್ಪುಗಳನ್ನು ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ದಿನಕ್ಕೆ ಇಪ್ಪತ್ತೈದು ಮೂವತ್ತು ಇ.ಸಿ.ಜಿ. ಅದರಲ್ಲಿ ವಾರಕ್ಕೆ ಎರಡೋ ಮೂರೋ ಮಾತ್ರ ಅವರು ತಾವಾಗಿ ಸಾಲಿನಿಂದ ಎತ್ತಿ ತಂದವರದು.

ಕಳೆದ ತಿಂಗಳು ಹಾಗೆ ಎತ್ತಿ ತಂದವರಲ್ಲಿ ಗುಡೇಕೋಟೆಯ ದುರುಗಮ್ಮ ಒಬ್ಬರು. ಆಡು ಮೇಯಿಸುವಾಕೆ, ಐವತ್ತಾರರ ಆಸುಪಾಸು. ತಣ್ಣನೆ ಬೆವರು, ನಾಡಿ ನಲವತ್ತೆಂಟು. ಕಾಗದ ಹೊರಬಂದಾಗ ಹೃದಯದ ತಳಭಾಗಕ್ಕೆ ರಕ್ತದ ಹರಿವು ನಿಂತಿರುವುದು ಗೆರೆಗಳಲ್ಲಿ ಎದ್ದು ಕಾಣುತ್ತಿತ್ತು. ಕರ್ತವ್ಯದಲ್ಲಿದ್ದ ಡಾ. ಸುಕನ್ಯಾ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಬಳ್ಳಾರಿಗೆ ಕಳಿಸಿದರು. ಈಗ ಔಷಧಿಗೆಂದು ಬಂದಿರುವ ದುರುಗಮ್ಮನಿಗೆ ಈ ಕತೆಯಲ್ಲಿ ನಂಬಿಕೆಯಿಲ್ಲ. “ಎದಿ ನೋವಂತ ನಾ ಹೇಳೇ ಇಲ್ಲ. ನಂದು ಸಂಕಟ. ಈಕಿ ಸುಮ್ನ ಎದಿಗಿ ವೈರ್ ಹಚ್ಚಿ ದೊಡ್ಡದು ಮಾಡಿದ್ಲು” ಎಂದು ನೂರೀನರತ್ತ ಗದ್ದ ಎತ್ತಿ ತೋರಿಸುತ್ತಾರೆ.

“ದೊಡ್ಡದು ಮಾಡಿದ್ದಕ್ಕ ಆಡು ಕಾಯಾಕ ಉಳದಿ ನೋಡು.”

“ಆಡು ಮಾರಿಬಿಟ್ಟ ನನ್ನ ಮಗ. ಅದೂ ನಿನ್ನಿಂದಾನ.”

ದುರುಗಮ್ಮ ಬಳ್ಳಾರಿಯಿಂದ ಮರಳಿದ ವಾರದಲ್ಲೇ ನೂರೀನರ ಕೈಗೆ ಒಂದು ಕಾಗದ ಬಂದಿದೆ. ಹಾರ ತುರಾಯಿಯದಲ್ಲ, ಮೆಮೊ. ಒಂದು ವರ್ಷದಲ್ಲಿ ನೂರಾ ನಲವತ್ತು ಮಂದಿಗೆ ವೈದ್ಯರ ಚೀಟಿಯಿಲ್ಲದೆ ಇ.ಸಿ.ಜಿ. ತೆಗೆದಿದ್ದಾರೆ, ಅವರಲ್ಲಿ ಹನ್ನೊಂದು ಮಂದಿಗಷ್ಟೇ ಹೃದಯದ ತೊಂದರೆ ಕಂಡುಬಂದಿದೆ, ಉಳಿದ ನೂರಾ ಇಪ್ಪತ್ತೊಂಬತ್ತು ಮಂದಿಯ ಕಾಗದ ವ್ಯರ್ಥವಾಗಿದೆ, ಏಳು ದಿನದೊಳಗೆ ಉತ್ತರಿಸತಕ್ಕದ್ದು. ತಪ್ಪಿದರೆ ಗುತ್ತಿಗೆ ಮುಂದುವರಿಯದು. ಹನ್ನೊಂದು ಜೀವ ಎಂಬುದನ್ನು ಬರೆದ ಕೈಯೇ ಮುಂದಿನ ಸಾಲಿನಲ್ಲಿ ವ್ಯರ್ಥ ಎಂದು ಬರೆದಿದೆ. ನಡುವೆ ಎಲ್ಲೂ ಪೆನ್ನು ತಡವರಿಸಿಲ್ಲ. ಅಕ್ಷರ ದುಂಡಗಿದೆ. ಮಂಜಮ್ಮನ ವಿಷಯಕ್ಕೆ ಯಾರಿಗೂ ಯಾವ ಮೆಮೊ ಬಂದಿರಲಿಲ್ಲ, ಏಕೆಂದರೆ ಅವರ ಚೀಟಿ ಸರಿಯಾಗಿತ್ತು.

ಡಾ. ಸುಕನ್ಯಾ ಆ ನೂರಾ ನಲವತ್ತು ಮಂದಿಗೂ ಹಿಂದಿನ ತಾರೀಖಿನ ಚೀಟಿ ಬರೆದುಕೊಡುತ್ತೇನೆ ಎಂದಿದ್ದರು. ನೂರೀನ ಒಪ್ಪಲಿಲ್ಲ. “ಅವ್ರು ಒಳ್ಳೆ ಮನಸಿಂದನ ಅಂದ್ರು. ಆದ್ರ ಚೀಟಿಯಾಗ ‘ಎದೆನೋವು’ ಅಂತ ಬರೀಬೇಕಾಗತಿತ್ತು. ಬಂದೋರಿಗೆ ಎದಿನೋವು ಇರಲಿಲ್ಲಲ್ರಿ. ಹಂಗ ಬರದ್ರ ನನ್ನ ಕೆಲಸ ಉಳೀತೈತಿ, ಸಂಕಟ ಮತ್ತ ಏಳನೇ ನಂಬರಿಗೆ ಹೋಗತೈತಿ.”

ಇಂದು ಏಳನೆಯ ದಿನ. ಮಧ್ಯಾಹ್ನ ಹೆಡ್ ಕ್ಲರ್ಕ್ ವೀರಭದ್ರಯ್ಯ ಒಂದು ಹಾಳೆ ಹಿಡಿದು ಕೋಣೆಗೆ ಬರುತ್ತಾರೆ. ನಿವೃತ್ತಿಗೆ ಹತ್ತಿರವಾದ ಇವರು ಮೂವತ್ತು ವರ್ಷಗಳಿಂದ ಎಲ್ಲರಿಗೂ ಬರೆದುಕೊಡುತ್ತಿರುವ ಉತ್ತರ ಅದು: ಇನ್ನು ಮುಂದೆ ಇಂತಹ ತಪ್ಪು ಮರುಕಳಿಸದಂತೆ ನೋಡಿಕೊಳ್ಳುತ್ತೇನೆ, ಈ ಸಲ ಮನ್ನಿಸಬೇಕು.

“ಸೈನ್ ಒಂದು ಹಾಕಮ್ಮ. ಯಾರೂ ಓದಂಗಿಲ್ಲ ಇದನ್ನ.”

“ಯಾರೂ ಓದಂಗಿಲ್ಲಂದ್ರ ನಂದ ಕೊಡೋಣ ತಗೋರಿ ಸರ್” ಎಂದು ನೂರೀನ ತಾವು ಬರೆದದ್ದನ್ನು ಚಾಚುತ್ತಾರೆ. ಮೂರೇ ಸಾಲು. ಚೀಟಿಯಿಲ್ಲದೆ ತೆಗೆದದ್ದು ನಿಜ. ಪಟ್ಟಿಯಲ್ಲಿ ‘ಸಂಕಟ’ ಎಂಬ ಪದ ಸೇರಿಸಿ, ಅದರ ಮುಂದೆ ಇ.ಸಿ.ಜಿ. ಎಂದು ಬರೆಯಬೇಕಾಗಿ ವಿನಂತಿ. ಅಲ್ಲಿಯವರೆಗೆ ಚೀಟಿಯಿಲ್ಲದೆಯೇ ತೆಗೆಯುತ್ತೇನೆ.

ವೀರಭದ್ರಯ್ಯ ಕನ್ನಡಕ ಹಣೆಗೇರಿಸಿ ಎರಡು ಸಲ ಓದುತ್ತಾರೆ. ಅವರ ಮುಖದಲ್ಲಿ ಸಿಟ್ಟಿಲ್ಲ, ಚಿಂತೆಯಿದೆ. “ಮೊದಲನೇದು ಇರಲಿ ತಾಯಿ, ಎರಡನೇದೂ ಇರಲಿ. ಕೊನೀ ಸಾಲು ಒಂದು ಹೊಡದು ಹಾಕು. ಕೆಲಸ ಉಳೀತೈತಿ.”

ನೂರೀನ ಹಾಳೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಪೆನ್ನೂ ತೆಗೆದುಕೊಳ್ಳುತ್ತಾರೆ. ಕೊನೆಯ ಸಾಲಿನ ಕೆಳಗೆ ಸಹಿ ಹಾಕಿ, ಮಡಿಸಿ, ಅವರ ಕೈಗೇ ಮತ್ತೆ ಕೊಡುತ್ತಾರೆ.

“ಅದೊಂದು ಸಾಲಿನ ಸಲುವಾಗೇ ಮೇಲಿನ ಎರಡು ಬರದೀನ್ರಿ ಸರ್.”