ಬೋಳುತಲೆಯ ಮೇಲಿನ ಕೊಂಡಿಗಳು

ಹೊಸ ಕಟ್ಟಡದ ನಕ್ಷೆ ಬಂದರೆ ಊರಿನವರಿಗೆಲ್ಲ ಬಾಯಿ ಬರುತ್ತದೆ, ನನಗೆ ಬೆನ್ನುನೋವು ಬರುತ್ತದೆ. ನಗರಸಭೆಯ ನೆಲಮಹಡಿಯಲ್ಲಿ ಸಾರ್ವಜನಿಕರ ಅಭಿಪ್ರಾಯ ತೆಗೆದುಕೊಳ್ಳುವ ಮೇಜು ನನ್ನದು. ಇಪ್ಪತ್ತಾರು ವರ್ಷದಿಂದ ಅದೇ ಮೇಜು, ಅದೇ ಕುಂಟುವ ಕುರ್ಚಿ. ಯಾರು ಏನೇ ಬರೆದು ಹಾಕಲಿ, ಓದಿ, ವಿಂಗಡಿಸಿ, ಎಣಿಸಿ ವರದಿ ಮಾಡಬೇಕು. ನನ್ನ ಅಭಿಪ್ರಾಯವನ್ನು ಈವರೆಗೆ ಯಾರೂ ಕೇಳಿಲ್ಲ. ಕೇಳದೇ ಇದ್ದದ್ದೇ ಒಳ್ಳೆಯದಾಯಿತು.

ಆ ವರ್ಷ ಬಂದದ್ದು ದೊಡ್ಡ ತಂತ್ರಜ್ಞಾನ ಕಂಪನಿಯೊಂದರ ಕೇಂದ್ರ ಕಚೇರಿಯ ವಿನ್ಯಾಸ. ಇಪ್ಪತ್ತೆರಡು ಮಹಡಿ, ಪೂರ್ತಿ ಗಾಜು, ಎಲ್ಲಿಯೂ ಒಂದು ಮೂಲೆಯಿಲ್ಲ, ಒಂದು ಅಂಚಿಲ್ಲ. ಕಂಪನಿಯವರು ಅದಕ್ಕೆ ‘ಬೆಳಗಿನ ಹನಿ’ ಎಂದು ಹೆಸರಿಟ್ಟು, ಅದರ ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ ನನ್ನ ಮೇಜಿನ ಎದುರಿಗೇ ತಂದು ನಿಲ್ಲಿಸಿದರು. ಮೊದಲ ದಿನ ಮಧ್ಯಾಹ್ನದೊಳಗೆ ಜನ ಅದನ್ನು ‘ಬೋಳುತಲೆ’ ಮಾಡಿಬಿಟ್ಟಿದ್ದರು.

ಅಬ್ಬಬ್ಬಾ, ಏನು ಜನ, ಏನು ಮಾತು! ಒಬ್ಬರು ನಾಡಿಗೇ ಹೆಮ್ಮೆ ಎಂದು ಬರೆದರೆ, ಇನ್ನೊಬ್ಬರು ಸೋಪಿನ ಗುಳ್ಳೆ ಎಂದು ಬರೆದರು. ಎದುರು ಬೀದಿಯ ಕನ್ನಡಕದಂಗಡಿಯವರಿಗೆ ಬಿಸಿಲಿನ ಪ್ರತಿಫಲನದಿಂದ ತಮ್ಮ ಗಿರಾಕಿಗಳ ಕಣ್ಣು ಹಾಳಾಗುತ್ತದೆಂಬ ಚಿಂತೆ. ಕಣ್ಣು ಹಾಳಾದರೆ ಅವರಿಗೇ ಲಾಭವಲ್ಲವೇ ಎಂದು ನಾನು ಕೇಳಲಿಲ್ಲ. ನಿವೃತ್ತ ಮೇಷ್ಟರೊಬ್ಬರು ಹನ್ನೊಂದು ಪುಟ ಬರೆದು, ಹನ್ನೆರಡನೆಯದಕ್ಕೆ ನನ್ನ ಹತ್ತಿರವೇ ಕಾಗದ ಕೇಳಿದರು. ನಿಜವಾಗಿಯೂ ಬೋಳುತಲೆಯವರೊಬ್ಬರು ಬಂದು, ಆ ಹೆಸರನ್ನು ನಿಷೇಧಿಸಬೇಕೆಂದು ಅರ್ಜಿ ಕೊಟ್ಟು ಹೋದರು.

ನನ್ನ ಮೇಜಿನ ಮೇಲೆ ಆರು ತಟ್ಟೆಗಳಿವೆ. ಅಂದ, ವಾಹನ, ಮರ, ನೆರಳು, ಹೊಗಳಿಕೆ, ಕೊನೆಯದು ಇತರೆ. ಒಂದು ತಟ್ಟೆಯಲ್ಲಿ ಹತ್ತಕ್ಕಿಂತ ಕಡಿಮೆ ಕಾಗದಗಳಿದ್ದರೆ ಅವನ್ನು ಇದ್ದಂತೆಯೇ ಪೂರ್ತಿ ವರದಿಯಲ್ಲಿ ಅಚ್ಚು ಹಾಕಬೇಕು. ಹತ್ತು ದಾಟಿದರೆ ಮುಖ್ಯವಾದ ಐದು ತಟ್ಟೆಗಳಿಗೆ ಒಂದೊಂದು ಪುಟದ ಸಾರಾಂಶ. ಇತರೆಗೆ ಮಾತ್ರ ಬರೀ ಸಂಖ್ಯೆ. ಈ ನಿಯಮ ನನ್ನ ಹೊರತು ಕಚೇರಿಯಲ್ಲಿ ಯಾರಿಗೂ ನೆನಪಿಲ್ಲ.

ಮೂರನೇ ದಿನ ಬೆಳಗ್ಗೆ ತಲೆಯೆತ್ತಿ ನೋಡಿದರೆ, ಐವತ್ತು ದಾಟಿದ ಒಬ್ಬ ಗಂಡಸು ಜೇಬಿನಿಂದ ಬಟ್ಟೆ ತೆಗೆದು ಮಾದರಿಯ ಗಾಜಿನ ಪೆಟ್ಟಿಗೆ ಒರೆಸುತ್ತಿದ್ದ. ನೋಡಲು ಬಂದವರೆಲ್ಲ ಮೂಗು ಒತ್ತಿ ಒತ್ತಿ ಅದು ಮಬ್ಬಾಗಿತ್ತು ನಿಜ. ಆದರೆ ನಮ್ಮ ಕಚೇರಿಯಲ್ಲಿ ಒರೆಸುವವರು ಬೇರೆ ಇದ್ದಾರೆ.

“ರೀ, ಏನ್ರೀ ಅದು? ಯಾರು ಹೇಳಿದ್ದು ನಿಮಗೆ?” ಎಂದು ಗದರಿದೆ.

ಆತ ಬೆಚ್ಚಿ ಬಟ್ಟೆಯನ್ನು ಜೇಬಿಗೆ ತುರುಕಿಕೊಂಡ. “ತಪ್ಪಾಯ್ತು ಮೇಡಂ. ಕಲೆ ಕಂಡ್ರೆ ಕೈ ಸುಮ್ನಿರಲ್ಲ. ಮೂವತ್ತೊಂದು ವರ್ಷದ ಚಾಳಿ.”

ಎತ್ತರದ ಕಟ್ಟಡಗಳ ಗಾಜನ್ನು ಹೊರಗಿನಿಂದ ಒರೆಸುವ ಕೆಲಸ ಆತನದು. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು, ಒಂದು ಬಕೆಟ್ಟು, ಒಂದು ರಬ್ಬರ್ ಪಟ್ಟಿ ಹಿಡಿದು ಮೇಲಿನಿಂದ ಕೆಳಗಿಳಿಯುವುದು. ಬಕೆಟ್ಟು ತೂಗಿ ತೂಗಿ ಎಡಭುಜ ಬಲಭುಜಕ್ಕಿಂತ ತಗ್ಗಾಗಿತ್ತು. ನಮ್ಮ ಕಚೇರಿಯವರು ಅವತ್ತೇ ಆತನಿಗೆ ಗಾಜಿನಣ್ಣ ಎಂದು ಹೆಸರಿಟ್ಟರು. ನಾನೂ ಹಾಗೆಯೇ ಕರೆಯುತ್ತೇನೆ.

ಗಾಜಿನಣ್ಣ ಮಾದರಿಯನ್ನು ನಾಲ್ಕು ಸುತ್ತು ಸುತ್ತಿದ. ಎಲ್ಲರೂ ಅದರ ಹೊಟ್ಟೆ ನೋಡಿದರೆ ಈತ ನೆತ್ತಿ ನೋಡುತ್ತಿದ್ದ. ಆಮೇಲೆ ಕಾಗದ ಇಸಿದುಕೊಂಡು ದಪ್ಪ ಅಕ್ಷರದಲ್ಲಿ ಬರೆದ: “ಈ ಕಟ್ಟಡದ ಗಾಜು ಒರೆಸುವವರು ಹಗ್ಗವನ್ನು ಎಲ್ಲಿಗೆ ಕಟ್ಟಬೇಕು? ಮಾದರಿಯಲ್ಲಿ ಕೊಂಡಿ ಕಾಣಲಿಲ್ಲ. ದಯವಿಟ್ಟು ತಿಳಿಸಿ.”

“ನಿಮಗೇ ಸಿಗುತ್ತಾ ಈ ಕೆಲಸ?” ಎಂದೆ.

“ಅವರ ಹಳೇ ಕಚೇರಿ ಒರೆಸೋದು ನಮ್ಮ ತಂಡಾನೇ ಮೇಡಂ. ಇದೂ ನಮಗೇ ಬರುತ್ತೆ. ನಾನು ಇನ್ನೆಷ್ಟು ದಿನ, ಮೊಣಕಾಲು ಹೋಗಿದೆ. ಈ ವರ್ಷ ನನ್ನ ಮಗಳು ಹಗ್ಗ ಹಿಡಿದಿದ್ದಾಳೆ. ಬೇಡ ಕಣೇ ಅಂದ್ರೆ, ನೀನು ಇಳೀಬಹುದು, ನಾನು ಇಳೀಬಾರದಾ ಅಂತಾಳೆ. ಏನು ಹೇಳ್ಲಿ?”

ಮಾತು ಬೆಳೆದಾಗ ತನ್ನ ಕೆಲಸದ ಒಂದು ಪದ್ಧತಿ ಹೇಳಿದ. ಇಳಿಯುವವನು ತನ್ನ ಹಗ್ಗವನ್ನು ತಾನೇ ಪರೀಕ್ಷಿಸಿ ಇಳಿಯುವಂತಿಲ್ಲ. ಹಗ್ಗ ಕಟ್ಟಿದ ಜಾಗದಲ್ಲಿ ಜೊತೆಯವನು ಮೂರು ಸಲ ಎಳೆದು “ಹಿಡಿದಿದೆ” ಎನ್ನಬೇಕು. ಆ ಮಾತು ಕಿವಿಗೆ ಬೀಳುವವರೆಗೆ ಅಂಚಿನಿಂದಾಚೆ ಕಾಲಿಡುವಂತಿಲ್ಲ. ಹನ್ನೊಂದು ವರ್ಷದ ಹಿಂದೆ ಆತನ ಭಾವಮೈದುನ, ಹೆಂಡತಿಯ ಒಬ್ಬನೇ ತಮ್ಮ, ಕೊಂಡಿಯಿಲ್ಲದ ಕಟ್ಟಡದ ಮೇಲಿನಿಂದ ಬಿದ್ದು ಸತ್ತಿದ್ದ. ಅದನ್ನು ಗಾಜಿನಣ್ಣ ಒಂದೇ ವಾಕ್ಯದಲ್ಲಿ ಹೇಳಿ ಎದ್ದು ಹೋದ.

ಸಂಜೆ ವಿಂಗಡಿಸಲು ಕೂತೆ. ಆತನ ಕಾಗದ ಅಂದವಲ್ಲ, ವಾಹನವಲ್ಲ, ಮರವಲ್ಲ. ಇತರೆ ತಟ್ಟೆಗೆ ಹಾಕಿದೆ. ಅಲ್ಲಿ ಆಗಲೇ ಕಳೆದುಹೋದ ಬೆಕ್ಕಿನ ವಿಚಾರ ಒಂದು, ಶೌಚಾಲಯದ ಬೀಗದ ವಿಚಾರ ಒಂದು, ಕಂಪನಿಯ ಒಡೆಯನ ಮೇಲೆ ಯಾರೋ ಕಟ್ಟಿದ ಪದ್ಯ ಒಂದು ಇದ್ದವು. ಹಾಕುವಾಗ ಕೈ ಒಂದು ಗಳಿಗೆಯೂ ತಡೆಯಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದೇನೆ.

ತಿಂಗಳ ನಂತರ ಮೇಲಿನ ಸಭಾಂಗಣದಲ್ಲಿ ಬಹಿರಂಗ ಸಭೆ. ಕಂಪನಿಯ ಪರವಾಗಿ ವಾಸ್ತುಶಿಲ್ಪಿ ಬಂದಿದ್ದಳು. ಮೂವತ್ತೈದರ ಹೆಂಗಸು, ಚುರುಕಾದ ಮಾತು. ಗಾಜಿನಣ್ಣ ವರದಿಯ ಪ್ರತಿ ಹಿಡಿದು ನೇರ ನನ್ನ ಬಳಿ ಬಂದ.

“ಮೇಡಂ, ನನ್ನ ಮಾತು ಎಲ್ಲಿದೆ? ಎರಡು ಸಲ ಓದಿದೆ.”

ನಾನು ಕೊನೆಯ ಪುಟ ತೆಗೆದು ಬೆರಳಿಟ್ಟೆ. ಇತರೆ: 61.

“ಇದ್ರಲ್ಲಿ ನಂದು ಎಷ್ಟನೇದು?” ಎಂದು ಕೇಳಿದ. ಕುಹಕವಲ್ಲ, ನಿಜವಾಗಿಯೇ ಕೇಳಿದ್ದ. ನನಗೆ ತಲೆಯೆತ್ತಲಾಗಲಿಲ್ಲ.

“ನಂದೇ ತಪ್ಪು. ಮಾತಾಡೋರ ಪಟ್ಟೀಲಿ ನಿಮ್ಮ ಹೆಸರು ಸೇರಿಸ್ತೀನಿ, ಅಲ್ಲೇ ಕೇಳಿ,” ಎಂದೆ.

“ಅಷ್ಟು ಜನರ ಮುಂದೆ ನಾನಾ? ಮೇಡಂ, ನನ್ನ ಜೀವಮಾನ ಪೂರ್ತಿ ಜನ ಗಾಜಿನ ಆಚೆಗೇ ಇದ್ರು.”

ಹೆಸರು ಸೇರಿಸಿಬಿಟ್ಟೆ. ಅವನ ಸರದಿ ಬರುವಷ್ಟರಲ್ಲಿ ಅಂದದ ಜಗಳ ಎರಡು ಗಂಟೆ ನಡೆದು, ಅರ್ಧ ಸಭೆ ಆಕಳಿಸುತ್ತಿತ್ತು. ಅವನು ಎದ್ದು ನಿಂತು ಕಾಗದದಲ್ಲಿದ್ದ ಪ್ರಶ್ನೆಯನ್ನೇ ಕೇಳಿದ.

ವಾಸ್ತುಶಿಲ್ಪಿ ನಕ್ಕಳು, ಒಳ್ಳೆಯ ನಗುವೇ. “ಹಗ್ಗ ಬೇಕಾಗೋದೇ ಇಲ್ಲ ಅಣ್ಣಾ. ಇದನ್ನ ಯಂತ್ರ ಒರೆಸುತ್ತೆ.”

“ಹಳೇ ಕಚೇರಿಗೂ ಯಂತ್ರ ತಂದಿದ್ರಮ್ಮಾ. ಒಂಬತ್ತನೇ ಮಹಡೀಲಿ ಸಿಕ್ಕಾಕೊಂಡು ನಿಂತೋಯ್ತು. ಇಳಿದು ಬಿಡಿಸಿ ತಂದಿದ್ದು ನಾನೇ.”

ಸಭೆ ಗೊಳ್ಳೆಂದಿತು. ಗಾಜಿನಣ್ಣ ನಗಲಿಲ್ಲ. ಮಾದರಿಯನ್ನು ಅಲ್ಲಿಗೇ ತಂದಿಟ್ಟಿದ್ದರು. ಪೆಟ್ಟಿಗೆ ತೆಗೆಸಿ ಎಂದು ಕೇಳಿ, ಅಂಗಿಯ ಅಂಚಿನಿಂದ ಒಂದು ದಾರ ಎಳೆದು, ಅದರ ತುದಿಗೆ ತನ್ನ ಮನೆಯ ಬೀಗದ ಕೈ ಕಟ್ಟಿದ. ದಾರವನ್ನು ಬೋಳುತಲೆಯ ನೆತ್ತಿಯ ಮೇಲೆ ಹಾಕಿ, ಬೀಗದ ಕೈಯನ್ನು ಬದಿಗೆ ಇಳಿಬಿಟ್ಟ. ದಾರ ಜಾರಿ ಕೆಳಗೆ ಬಿತ್ತು. ಇನ್ನೊಮ್ಮೆ ಹಾಕಿದ, ಮತ್ತೆ ಬಿತ್ತು. ಆಮೇಲೆ ಅದನ್ನು ವಾಸ್ತುಶಿಲ್ಪಿಯ ಕೈಗೆ ಕೊಟ್ಟ.

“ನೀವೇ ಒಂದ್ಸಲ ನಿಲ್ಲಿಸಿ ತೋರಿಸಮ್ಮಾ.”

ಅವಳು ಎಡಕ್ಕೆ ಹಾಕಿ ನೋಡಿದಳು, ಬಲಕ್ಕೆ ಹಾಕಿ ನೋಡಿದಳು. ಎರಡು ಸಲವೂ ಬೀಗದ ಕೈ ಮೇಜಿನ ಮೇಲೆ ಟಣ್ ಎಂದಿತು. ಅವಳ ಮುಖ ಕೆಂಪಾಯಿತು. ದಾರವನ್ನು ಹಿಂದಕ್ಕೆ ಕೊಡದೆ, ತನ್ನ ಪುಸ್ತಕದೊಳಗೆ ಮಡಿಸಿಟ್ಟುಕೊಂಡು ಬೀಗದ ಕೈ ಮಾತ್ರ ಬಿಚ್ಚಿ ಕೊಟ್ಟಳು. ಆ ಹೆಂಗಸಿನ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲಿಯೇ.

ಎರಡು ತಿಂಗಳಲ್ಲಿ ತಿದ್ದಿದ ವಿನ್ಯಾಸ ಬಂತು. ನೆತ್ತಿಯ ಸುತ್ತ ಒಂದು ಸಾಲು, ಹೊಟ್ಟೆಯ ಸುತ್ತ ಒಂದು ಸಾಲು, ಒಟ್ಟು ನಲವತ್ತೆಂಟು ಉಕ್ಕಿನ ಕೊಂಡಿಗಳು. ಹೊಸ ಮಾದರಿ ಇಟ್ಟದ್ದೇ ತಡ, ನಿನ್ನೆಯವರೆಗೆ ಸೋಪಿನ ಗುಳ್ಳೆ ಎಂದು ಬೈದವರಿಗೆಲ್ಲ ಆ ಗುಳ್ಳೆಯ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಬೋಳುತಲೆಗೆ ನರಹುಲಿ ಎದ್ದಿದೆ ಎಂದರು. ಮುತ್ತಿನಂಥ ಕಟ್ಟಡವನ್ನು ಹಾಳು ಮಾಡಿದವರು ಯಾರು ಎಂದರು. ನಿವೃತ್ತ ಮೇಷ್ಟರು ಈ ಸಲ ಕಾಗದ ತಾವೇ ತಂದಿದ್ದರು. ಸಾವಿರದ ನೂರ ನಲವತ್ತು ಕಾಗದಗಳು, ಎಲ್ಲವೂ ಕೊಂಡಿ ತೆಗೆಯಿರಿ ಎಂದೇ. ಜನರ ಇಷ್ಟಕ್ಕೆ ಬೆಲೆ ಕೊಟ್ಟು ತೆಗೆಯಲು ಸಿದ್ಧ ಎಂದು ಕಂಪನಿಯೂ ಒಂದು ಓಲೆ ಕಳಿಸಿತು. ನನಗೆ ಪಿತ್ತ ನೆತ್ತಿಗೇರಿತು.

ಕೊನೆಯ ದಿನ ಗಾಜಿನಣ್ಣ ಬಂದು ಒಂದು ಕಾಗದ ಬರೆದುಕೊಟ್ಟ. “ಕೊಂಡಿ ಚಂದವಿಲ್ಲ, ನನಗೂ ಗೊತ್ತು. ಹನ್ನೊಂದು ವರ್ಷದ ಹಿಂದೆ ಕೊಂಡಿಯಿಲ್ಲದ ಕಡೆ ನೀರಿನ ಕೊಳವೆಗೆ ಹಗ್ಗ ಕಟ್ಟಿದ್ದೆವು. ಮೂರು ಸಲ ಎಳೆದು ‘ಹಿಡಿದಿದೆ’ ಎಂದವನು ನಾನು. ನಂಬಿ ಇಳಿದವನು ನನ್ನ ಹೆಂಡತಿಯ ತಮ್ಮ. ಈಗ ಇಳಿಯುವವಳು ನನ್ನ ಮಗಳು. ಕೊಂಡಿ ತೆಗೆಯಬೇಡಿ.”

ಓದಿ ಮುಗಿಸಿ, ಇತರೆ ತಟ್ಟೆಯನ್ನು ಮೇಜಿನಂಚಿಗೆ ಸರಿಸಿದೆ.

“ಇದನ್ನ ಇತರೆಗೆ ಹಾಕಲ್ಲ,” ಎಂದೆ. “ಬೇರೆ ತಟ್ಟೆ ಇಡ್ತೀನಿ. ಒಂದೇ ಕಾಗದ ಇರೋದ್ರಿಂದ ಅಕ್ಷರ ಬಿಡದೆ ಅಚ್ಚಾಗುತ್ತೆ, ಮೊದಲ ಪುಟದಲ್ಲೇ. ಆದ್ರೆ ಗಾಜಿನಣ್ಣ, ಕೊಳವೆ ವಿಷಯ ನಿಮ್ಮನೆಯವರಿಗೆ ಗೊತ್ತಾ?”

“ಇಲ್ಲ ಅಕ್ಕಾ. ಅವತ್ತು ಎಳೆದು ನೋಡಿದ್ದು ಬೇರೆ ಯಾರೋ ಅಂದ್ಕೊಂಡಿದ್ದಾಳೆ. ನಾನೂ ಹಂಗೇ ಬಿಟ್ಟಿದ್ದೆ.” ಮೊದಲ ಸಲ ಅಕ್ಕಾ ಎಂದಿದ್ದ. “ಯಾವತ್ತು ಅಚ್ಚಾಗುತ್ತೆ?”

“ಸೋಮವಾರ.”

“ಹಂಗಾದ್ರೆ ಭಾನುವಾರ ಹೇಳ್ತೀನಿ.”

ಹೊಸ ತಟ್ಟೆ ಸಿಗಲಿಲ್ಲ. ನನ್ನ ಊಟದ ಡಬ್ಬಿಯ ಮುಚ್ಚಳ ತೊಳೆದು ಒರೆಸಿ, ಅದಕ್ಕೆ ‘ಕೆಲಸದವರು’ ಎಂದು ಚೀಟಿ ಅಂಟಿಸಿದೆ. ಮೇಲಧಿಕಾರಿ ಬಂದು ಇದೇನಮ್ಮಾ ಹೊಸ ತಲೆಬರಹ ಎಂದರು. ಹೊಸ ವಿಷಯಕ್ಕೆ ಹೊಸ ತಟ್ಟೆ ಇಡಬಹುದೆಂಬ ಸಾಲಿಗೆ ಬೆರಳಿಟ್ಟು ನಿಯಮಪುಸ್ತಕವನ್ನು ಅವರ ಮೂಗಿನ ಕೆಳಗೆ ಹಿಡಿದೆ. ಇಪ್ಪತ್ತಾರು ವರ್ಷದಲ್ಲಿ ನಾನು ಮಾಡಿದ ಧೈರ್ಯದ ಕೆಲಸ ಇದೊಂದೇ. ನಕ್ಷೆಗೆ ಒಪ್ಪಿಗೆ ಕೊಡುವ ನಗರಸಭೆಯ ಸಮಿತಿ ಸಾವಿರದ ನೂರ ನಲವತ್ತರ ಸಾರಾಂಶವನ್ನೂ ಓದಿತು, ಒಂದರ ಪೂರ್ತಿ ಮಾತನ್ನೂ ಓದಿತು. ಕೊಂಡಿಗಳು ಉಳಿದವು.

ಗಾಜಿನಣ್ಣನ ಹೆಂಡತಿ ಆ ಭಾನುವಾರದಿಂದ ಗಂಡನ ಜೊತೆ ಮಾತು ಬಿಟ್ಟಳಂತೆ. ಊಟಕ್ಕೆ ಬಡಿಸುತ್ತಾಳೆ, ಬಟ್ಟೆ ಒಗೆದಿಡುತ್ತಾಳೆ, ಮಾತು ಮಾತ್ರ ಇಲ್ಲ. ಕಟ್ಟಡ ಏಳಲು ಮೂರು ವರ್ಷ ಹಿಡಿಯಿತು. ಅಷ್ಟು ಕಾಲವೂ ಮಾತಿಲ್ಲ ಎಂದು ಮಗಳೇ ಒಮ್ಮೆ ನನ್ನ ಮೇಜಿನ ಹತ್ತಿರ ಬಂದು ಹೇಳಿ ಹೋದಳು.

ಬೋಳುತಲೆಯನ್ನು ಮೊದಲ ಸಲ ಒರೆಸಿದ ದಿನ ನಾನು ರಜೆ ಹಾಕಿ ಹೋಗಿದ್ದೆ. ಎದುರಿನ ಪಾದಚಾರಿ ದಾರಿಯಲ್ಲಿ ಗಾಜಿನಣ್ಣ ನಿಂತಿದ್ದ. ನಾಲ್ಕು ಮಾರು ದೂರದಲ್ಲಿ ಕೈಚೀಲ ಹಿಡಿದು ಅವನ ಹೆಂಡತಿ ನಿಂತಿದ್ದಳು. ಇಪ್ಪತ್ತೆರಡನೇ ಮಹಡಿಯ ಮೇಲೆ ಹಳದಿ ಟೋಪಿಯ ಮಗಳು ಸಣ್ಣಗೆ ಕಾಣುತ್ತಿದ್ದಳು. ನನ್ನ ಪಕ್ಕದಲ್ಲಿ ಯಾರೋ, “ಕಟ್ಟಡ ಚೆನ್ನಾಗಿದೆ, ಆ ನರಹುಲಿಗಳೇ ಕೆಡಿಸಿಬಿಟ್ಟಿವೆ,” ಎಂದು ಹೇಳಿಕೊಂಡು ಹೋದರು. ಗಾಜಿನಣ್ಣ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಕಣ್ಣು ಮಗಳ ಮೇಲೂ ಇರಲಿಲ್ಲ, ಅವಳ ತಲೆಯ ಮೇಲಿದ್ದ ಕೊಂಡಿಯ ಮೇಲಿತ್ತು.

ಮೇಲೆ ಜೊತೆಯವನು ಬಗ್ಗಿ ಹಗ್ಗ ಎಳೆಯುವುದು ಕಾಣಿಸಿತು. ಒಂದು, ಎರಡು, ಮೂರು. ಅವನು ಹೇಳಿದ ಮಾತು ಅಷ್ಟು ಎತ್ತರದಿಂದ ನಮಗೆ ಕೇಳುವಂತಿರಲಿಲ್ಲ. ಹುಡುಗಿ ಕಾಲು ಆಚೆಗೆ ಇಟ್ಟಳು. ಅಮ್ಮ ಕೈಚೀಲವನ್ನು ನೆಲಕ್ಕೆ ಬಿಟ್ಟು, ಆ ನಾಲ್ಕು ಮಾರು ದಾಟಿ ಬಂದು ಗಂಡನ ತೋಳು ಹಿಡಿದಳು.

“ಹಿಡಿದಿದೆಯೇನ್ರೀ?” ಎಂದಳು.

ಗಾಜಿನಣ್ಣ ಕೊಂಡಿಯಿಂದ ಕಣ್ಣು ತೆಗೆಯದೆ ಸುಮಾರು ಹೊತ್ತು ನೋಡಿದ. ಮಗಳು ಒಂದು ಮಹಡಿ ಇಳಿದಿದ್ದಳು.

“ಹಿಡಿದಿದೆ ಕಣೇ,” ಎಂದ.