ಬೀದಿಗೆ ಮುಖ ಮಾಡಿದ ಆರು ಬಾಗಿಲು

೧೯೯೮ರಲ್ಲಿ ನಾನು ಹೆಗ್ಗಡದೇವನಕೋಟೆಯಿಂದ ವರ್ಗವಾಗಿ ಹುಣಸೂರು ಸೀಮೆಯ ಒಂದು ಪುರಸಭೆಗೆ ಕಿರಿಯ ಎಂಜಿನಿಯರಾಗಿ ಬಂದೆ. ಊರಿನ ಹೆಸರು ಹೇಳುವುದಿಲ್ಲ. ಈ ಪ್ರಸಂಗ ನಡೆದ ಬೀದಿ ಇನ್ನೂ ಇದೆ, ಬೀದಿಯವರೂ ಇದ್ದಾರೆ, ಅವರ ಮನೆಯ ಮದುವೆಗಳಿಗೆ ನಾನು ಈಗಲೂ ಊಟಕ್ಕೆ ಹೋಗುತ್ತೇನೆ. ಪುರಸಭೆಯ ಎಂಜಿನಿಯರು ಜನರಿಗೆ ನೆನಪಾಗುವುದು ಎರಡೇ ಸಲ. ಮನೆ ಕಟ್ಟಲು ಲೈಸೆನ್ಸ್ ಬೇಕಾದಾಗ ಒಮ್ಮೆ, ಕಟ್ಟಿ ಮುಗಿಸಿದ ಮೇಲೆ ಕಂಪ್ಲೀಷನ್ ರಿಪೋರ್ಟ್, ಅಂದರೆ ಕಟ್ಟಡ ಒಪ್ಪಿಗೆಯ ಪ್ಲಾನಿನಂತೆಯೇ ಇದೆ ಎಂಬ ವರದಿ, ಬೇಕಾದಾಗ ಇನ್ನೊಮ್ಮೆ. ನಡುವೆ ಎದುರಿಗೆ ಸಿಕ್ಕರೆ ಯಾರೂ ನಮ್ಮ ಗುರುತು ಹಿಡಿಯುವುದಿಲ್ಲ.

ಊರಿನ ಸಾಹುಕಾರರೆಲ್ಲ ಒಂದೇ ಬೀದಿಯಲ್ಲಿದ್ದರು. ತಂಬಾಕಿನಲ್ಲಿ ಮೇಲೆ ಬಂದವರು. ಆ ಬೀದಿಯ ನಡುವೆ, ಹಲ್ಲಿನ ಸಾಲಿನಲ್ಲಿ ಒಂದು ಹಲ್ಲು ಹುಳುಕಾದಂತೆ, ಹಳೆಯ ಹೆಂಚಿನ ವಠಾರವೊಂದಿತ್ತು. ಆರು ಮನೆ, ಆರು ಸಂಸಾರ. ಹೆಂಗಸರು ಗೋಡೌನಿನಲ್ಲಿ ತಂಬಾಕಿನ ಎಲೆ ವಿಂಗಡಿಸುತ್ತಿದ್ದರು, ಗಂಡಸರು ಮೂಟೆ ಹೊರುತ್ತಿದ್ದರು. ವಠಾರ ಶಿವಣ್ಣ ಸಾಹುಕಾರರದು. ಆದರೆ ಅದು ನಿಂತಿದ್ದ ನೆಲ ಪುರಸಭೆಯದು, ಅವರ ತಂದೆಯ ಕಾಲದಲ್ಲಿ ಗುತ್ತಿಗೆಗೆ ಕೊಟ್ಟದ್ದು. ಶಿವಣ್ಣನವರು ಅದನ್ನು ಕೆಡವಿ ಮೂರು ಅಂತಸ್ತಿನ ಕಟ್ಟಡ ಕಟ್ಟಲು ಅರ್ಜಿ ಹಾಕಿದಾಗ ಕೌನ್ಸಿಲ್ ಒಂದು ಷರತ್ತು ಹಾಕಿತು. ಕೆಳಗಿನ ಅಂತಸ್ತಿನಲ್ಲಿ ಆರು ಚಿಕ್ಕ ಮನೆ ಕಟ್ಟಿ, ಪುರಸಭೆ ಗೊತ್ತುಮಾಡಿದ ಬಾಡಿಗೆಗೆ ಅದೇ ಆರು ಸಂಸಾರಗಳಿಗೆ ಕೊಡಬೇಕು. ಅವರು ಒಪ್ಪಿದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಷರತ್ತಿನ ಕೊನೆಗೆ ಯಾರೋ ಒಂದು ಸಾಲು ಸೇರಿಸಿದ್ದರು. ಮನೆಗಳು ಸಿದ್ಧವಾಗಿ ಕೀಲಿ ಕೊಟ್ಟ ಒಂದು ತಿಂಗಳೊಳಗೆ ಆ ಸಂಸಾರಗಳು ಬಂದು ವಾಸ ಮಾಡದಿದ್ದರೆ ಷರತ್ತು ರದ್ದು, ಆ ಜಾಗ ಮಾಲೀಕರ ಇಷ್ಟ. ಹೆಂಚಿನ ವಠಾರದಲ್ಲಿ ಬದುಕಿದವರು ತಾರಸಿ ಮನೆಯನ್ನು ಯಾಕೆ ಬೇಡವೆಂದಾರು ಎಂದು ಆ ಸಾಲಿನ ಬಗ್ಗೆ ಯಾರೂ ತಲೆಕೆಡಿಸಿಕೊಂಡಿರಲಿಲ್ಲ.

ನಾನು ಬರುವ ಹೊತ್ತಿಗೆ ಕಟ್ಟಡ ಎದ್ದಿತ್ತು. ಕೀಲಿಗಳೂ ಆಗಷ್ಟೇ ಬಾಡಿಗೆಯವರ ಕೈ ಸೇರಿದ್ದವು. ಆದರೆ ಆರು ಸಂಸಾರಗಳೂ ವಠಾರ ಕೆಡವಿದಾಗ ಸೇರಿಕೊಂಡಿದ್ದ ಊರಾಚೆಯ ತಗಡಿನ ಶೆಡ್ಡುಗಳಲ್ಲೇ ಕೂತಿದ್ದವು. ಬನ್ನಿ ಎಂದರೆ ಬರುವುದಿಲ್ಲ ಎನ್ನುತ್ತಿದ್ದರು. ಬಡವರಿಗೂ ಕೊಬ್ಬು ಎಂದು ಕಚೇರಿಯಲ್ಲಿ ಮಾತಾಯಿತು. ಮುಖ್ಯಾಧಿಕಾರಿಗಳು ನನ್ನನ್ನು ಕರೆದು, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಒಂದು ಸಲ ಹೋಗಿ ನೋಡಿಕೊಂಡು ಬನ್ನಿ ಎಂದರು.

ಹೋಗಿ ನೋಡಿದೆ. ಮನೆಗಳೇನೋ ಗಟ್ಟಿಯಾಗಿದ್ದವು. ಆದರೆ ಬಾಗಿಲುಗಳೆಲ್ಲ ಹಿಂದಿನ ಗಲ್ಲಿಗೆ ತೆರೆದುಕೊಳ್ಳುತ್ತಿದ್ದವು. ಹಳೆಯ ಊರುಗಳಲ್ಲಿ ಸಾಲುಮನೆಗಳ ಹಿಂದೆ ಒಂದು ಕಿರುಗಲ್ಲಿ ಇರುತ್ತಿತ್ತು. ಗುಂಡಿಯಿಲ್ಲದ ಕಕ್ಕಸುಗಳಿದ್ದ ಕಾಲದಲ್ಲಿ ಮಲದ ಬಕೆಟ್ ಹೊರುವ ಪಾಪದ ಕೆಲಸಕ್ಕೆ ಮನುಷ್ಯರನ್ನು ಹಚ್ಚಿದ್ದ ದಾರಿ ಅದು. ಆ ಕಾಲ ಹೋಗಿದ್ದರೂ ಅದರ ಹೆಸರು ಕಕ್ಕಸು ಗಲ್ಲಿಯೇ, ಅದರ ನಡುವೆ ಹರಿಯುತ್ತಿದ್ದುದು ಬೀದಿಯವರ ಬಚ್ಚಲ ನೀರೇ. ಬೀದಿಯ ಕಡೆಗೆ ಆರು ಮನೆಗೂ ಒಂದೊಂದು ಕಿಟಕಿ ಮಾತ್ರ.

ಆ ಕಿಟಕಿಗಳ ಮುಂದೆ ನಿಂತಾಗ ಏನೋ ಸರಿಯಿಲ್ಲ ಅನ್ನಿಸಿತು. ಕಿಟಕಿ ಚಿಕ್ಕದು, ಅದರ ಮೇಲಿನ ಲಿಂಟಲ್, ಅಂದರೆ ಗೋಡೆಯ ಭಾರ ಹೊರುವ ಕಾಂಕ್ರೀಟ್ ತೊಲೆ, ಮಾತ್ರ ಬಹಳ ಅಗಲ. ಕಿಟಕಿಯ ಕೆಳಗೆ ಗಾರೆ ಬಿಟ್ಟಿದ್ದ ಕಡೆ ಉಗುರಿನಿಂದ ಕೆರೆದೆ. ಮಣ್ಣು ಉದುರಿತು. ಉಳಿದ ಗೋಡೆಯೆಲ್ಲ ಸಿಮೆಂಟು, ಇಲ್ಲಿ ಮಾತ್ರ ಕೆಸರಿನಲ್ಲಿ ಕೂರಿಸಿದ ಇಟ್ಟಿಗೆ. ಬೇಕಾದಾಗ ತೆಗೆದು ರೋಲಿಂಗ್ ಷಟರ್ ಹಾಕಲು ಅನುಕೂಲ ಮಾಡಿಟ್ಟಿದ್ದರು. ಸಾಹುಕಾರರು ಕಟ್ಟಿಸಿದ್ದು ಆರು ಮನೆಯಲ್ಲ, ಆರು ಅಂಗಡಿ. ವಠಾರದವರು ಗಲ್ಲಿಯ ಬಾಗಿಲಿಗೆ ಒಪ್ಪುವುದಿಲ್ಲ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ನನ್ನ ಮೈ ಉರಿದುಹೋಯಿತು.

ಕಚೇರಿಗೆ ಬಂದು ಕೂಗಾಡಿದೆ. ಮುಖ್ಯಾಧಿಕಾರಿಗಳು ಪ್ಲಾನ್ ಬಿಚ್ಚಿ ತೋರಿಸಿದರು. ಬಾಗಿಲು ಹಿಂದೆ, ಕಿಟಕಿ ಮುಂದೆ. ನನಗಿಂತ ಮೊದಲಿದ್ದವರ ಸಹಿ. ಕಾಗದದ ಮೇಲೆ ಎಲ್ಲವೂ ನೆಟ್ಟಗಿತ್ತು.

ಶೆಡ್ಡುಗಳ ಹತ್ತಿರ ಹೋದೆ. ಅಲ್ಲಿ ಎಲ್ಲರ ಪರವಾಗಿ ಮಾತಾಡುತ್ತಿದ್ದವರು ಚಿಕ್ಕತಾಯಮ್ಮ, ಐವತ್ತು ದಾಟಿದ ಹೆಂಗಸು. ಹುಟ್ಟಿದ್ದು ಅಂತರಸಂತೆಯ ಆಚೆಗೆ, ಕಬಿನಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಒಂದು ಹಳ್ಳಿಯಲ್ಲಿ. ಮುಳುಗುವ ಮೊದಲು ಅವರಪ್ಪ ಮನೆಯ ಬಾಗಿಲುವಾಡವನ್ನು, ಅಂದರೆ ಹೊಸ್ತಿಲು ಸಮೇತದ ಚೌಕಟ್ಟನ್ನು, ಕಿತ್ತು ಗಾಡಿಯಲ್ಲಿ ಹೇರಿಕೊಂಡು ಬಂದಿದ್ದರಂತೆ. ವಠಾರದ ಮನೆಗೂ ಅದನ್ನೇ ಇಟ್ಟಿದ್ದರು. ವಠಾರ ಕೆಡವಿದಾಗ ಆರು ಸಂಸಾರಗಳೂ ತಮ್ಮ ತಮ್ಮ ಬಾಗಿಲುವಾಡ ಹೊತ್ತು ತಂದಿದ್ದವು. ಅವು ಶೆಡ್ಡಿನ ಪಕ್ಕದಲ್ಲಿ ಒರಗಿ ನಿಂತಿದ್ದವು.

ಮೊದಲು ಒಳಗೆ ಸೇರಿಕೊಳ್ಳಿ, ಬಾಗಿಲಿನ ಜಗಳ ಆಮೇಲೆ ಆಡೋಣ ಎಂದು ಬೇಡಿಕೊಂಡೆ. ಗಡುವಿಗೆ ಉಳಿದಿದ್ದುದು ಕೆಲವೇ ದಿನ. ಚಿಕ್ಕತಾಯಮ್ಮ ಒಪ್ಪಲಿಲ್ಲ.

“ಕಕ್ಕಸ್ ಗಲ್ಲಿಗೆ ಮೊಕ ಮಾಡ್ಕಂಡು ಎಂಗ್ ಸ್ವಾಮಿ ಹಾಲುಕ್ಕುಸ್ಲಿ? ವಠಾರ್‍ದಲ್ಲಿ ಸೋರೋ ಮನೆ ಇತ್ತು, ಆದ್ರೆ ಬೀದಿಗೆ ಬಾಗ್ಲಿತ್ತು. ರಂಗೋಲಿ ಎಲ್ಲಿಕ್ಲಿ, ಆ ಚರಂಡಿ ಮ್ಯಾಲಾ?”

ನನಗೆ ಆಕೆಯ ಮೇಲೂ ಸಿಟ್ಟು ಬಂತು. ಬಾಗಿಲಿನ ದಿಕ್ಕಿಗಾಗಿ ತಾರಸಿ ಮನೆ ಕಳೆದುಕೊಳ್ಳುವ ಹಟ ನನ್ನ ಓದಿದ ತಲೆಗೆ ಹತ್ತಲಿಲ್ಲ. ಆದರೆ ಏನನ್ನು ಕಳೆದುಕೊಳ್ಳುತ್ತಿದ್ದೇವೆಂದು ಅವರಿಗೆ ಗೊತ್ತಿರಲೇಬೇಕು ಅನ್ನಿಸಿತು. ಕಿಟಕಿಯ ಕೆಳಗಿನ ಮಣ್ಣಿನ ಗೋಡೆ, ಅಗಲವಾದ ಲಿಂಟಲ್, ಬರಲಿರುವ ಅಂಗಡಿಗಳು, ಎಲ್ಲವನ್ನೂ ಹೇಳಿದೆ. ಆಕೆ ಗಮನವಿಟ್ಟು ಕೇಳಿದರು. ಒಂದು ಲೋಟ ನೀರು ಕೊಟ್ಟು ಕಳಿಸಿದರು.

ಗಡುವಿನ ಕೊನೆಯ ದಿನ ಬೆಳಿಗ್ಗೆ ಸಾಹುಕಾರರ ಕಡೆಯಿಂದ ಆಳು ಓಡಿ ಬಂದ. ಮುಖ್ಯಾಧಿಕಾರಿಗಳೂ ನಾನೂ ಹೋದೆವು. ಬೀದಿಯ ತುಂಬ ಜನ. ಬೆಳಕು ಹರಿಯುತ್ತಲೇ ಆರು ಸಂಸಾರಗಳೂ ತಮ್ಮ ಕೀಲಿಯಿಂದ ಹಿಂಬಾಗಿಲು ತೆಗೆದು ಒಳಗೆ ಹೋಗಿ, ಕಿಟಕಿ ಬಿಚ್ಚಿ, ಕೆಳಗಿನ ಇಟ್ಟಿಗೆ ತೆಗೆದಿದ್ದವು. ಅಂಗಡಿಗೆಂದು ಬಿಟ್ಟಿದ್ದ ಜಾಗದಲ್ಲಿ ಹಳೆಯ ಬಾಗಿಲುವಾಡಗಳನ್ನು ನಿಲ್ಲಿಸಿ, ಅದೇ ಇಟ್ಟಿಗೆಯಿಂದ ಎರಡೂ ಪಕ್ಕ ಮುಚ್ಚಿದ್ದವು. ಹೊಸ್ತಿಲಿಗೆ ಅರಿಶಿನ, ಕುಂಕುಮ. ಮೇಲೆ ಮಾವಿನ ತೋರಣ. ಪ್ರತಿಯೊಂದರ ಮುಂದೆಯೂ ಒಡೆದ ತೆಂಗಿನಕಾಯಿ. ಬಾಗಿಲು ಇಡುವ ಶಾಸ್ತ್ರದಲ್ಲಿ ಯಾವುದನ್ನೂ ಬಿಟ್ಟಿರಲಿಲ್ಲ.

ಶಿವಣ್ಣನವರು ಹಾರೆ ಹಿಡಿದ ಕೂಲಿಯವರನ್ನು ಕರೆಸಿದ್ದರು. ಕೂಲಿಯವರು ಹಾರೆ ಕೆಳಗಿಟ್ಟು ನಿಂತಿದ್ದರು. ಪೂಜೆಯಾದ ಹೊಸ್ತಿಲಿಗೆ ಹಾರೆ ಹಾಕಲು ನಮ್ಮ ಕೈಲಾಗದು ಎಂದು ಅವರ ಮೇಸ್ತ್ರಿ ಹೇಳಿಬಿಟ್ಟಿದ್ದ. ಸಾಹುಕಾರರು ನನ್ನ ಕಡೆ ತಿರುಗಿದರು.

“ಇಂಜಿನಿಯರ್ ಸಾಹೇಬ್ರೆ, ಪ್ಲಾನಲ್ಲಿ ಇಲ್ದೇ ಇರೋ ಬಾಗ್ಲು ಇವು. ಈಗ್ಲೇ ತೆಗ್ಸಿ. ಇಲ್ಲಾಂದ್ರೆ ನಾಳೆ ನೀವು ಈ ಊರಲ್ಲಿ ಇರಲ್ಲ.”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಪ್ಲಾನಿಗೆ ವಿರುದ್ಧವಾದ ಬಾಗಿಲುಗಳೇ. ವರ್ಗಾವಣೆ ಮಾಡಿಸುವ ಶಕ್ತಿಯೂ ಅವರಿಗಿತ್ತು. ಬಾಗಿಲು ಇವತ್ತು ಕಿತ್ತರೆ ಒಳಗಿನವರು ಹೊರಬರುತ್ತಾರೆ, ಗಡುವು ಮುಗಿಯುತ್ತದೆ, ಮನೆಗಳು ಹೋಗುತ್ತವೆ. ಮುಖ್ಯಾಧಿಕಾರಿಗಳು ನನ್ನ ಕಿವಿಯ ಹತ್ತಿರ ಬಂದು, ತೆಗೆಸಿಬಿಡಿ, ಯಾಕೆ ರಗಳೆ ಎಂದರು. ನನಗೆ ಭಯವಾಯಿತು. ಹೆಂಡತಿ ಬಸುರಿ, ಬಾಡಿಗೆ ಮನೆಯ ಸಾಮಾನೂ ಪೂರ್ತಿ ಬಿಚ್ಚಿರಲಿಲ್ಲ.

ಆದರೂ ನಿಯಮ ಹೇಳಿದೆ. ಪ್ಲಾನ್ ಮೀರಿದ ಕೆಲಸಕ್ಕೆ ಮೊದಲು ನೋಟಿಸ್ ಕೊಡಬೇಕು, ಉತ್ತರಕ್ಕೆ ಸಮಯ ಕೊಡಬೇಕು, ನಿಂತ ಕಾಲಲ್ಲಿ ಕೀಳಿಸಲು ನನಗೆ ಅಧಿಕಾರವಿಲ್ಲ. ನೋಟಿಸ್ ಕೊಡುವುದಾದರೆ ಅಂಗಡಿ ಅಗಲದ ಲಿಂಟಲ್ ಮತ್ತು ಮಣ್ಣಿನ ಗೋಡೆಯ ಬಗ್ಗೆಯೂ ಬರೆಯುತ್ತೇನೆ ಎಂದೂ ಸೇರಿಸಿದೆ. ಶಿವಣ್ಣನವರ ಮುಖ ಕಪ್ಪಿಟ್ಟಿತು. ನಿಮ್ಮ ನೋಟಿಸ್ ನೀವೇ ಇಟ್ಟುಕೊಳ್ಳಿ, ನನ್ನ ಕಟ್ಟಡ ನಾನು ಕೀಳುತ್ತೇನೆ ಎಂದು ಹಾರೆ ಎತ್ತಿಕೊಂಡು ಮೊದಲನೆಯ ಬಾಗಿಲಿಗೇ ಹೋದರು. ಅದು ಚಿಕ್ಕತಾಯಮ್ಮನದು. ಆಕೆ ಒಳಗೆ ಮೂರು ಇಟ್ಟಿಗೆಯ ಒಲೆ ಹೂಡಿ ಹಾಲಿಟ್ಟಿದ್ದರು. ಎದ್ದು ಬಂದು ಹೊಸ್ತಿಲ ಒಳಗೆ ನಿಂತರು. ನಾನು ಅಡ್ಡ ಹೋಗಬೇಕಿತ್ತು, ಹೋಗಲಿಲ್ಲ. ಒಂದು ಏಟು ಬಿದ್ದಿದ್ದರೆ ಆ ದಿನ ರಕ್ತ ಹರಿಯುತ್ತಿತ್ತು ಎಂದು ಈಗಲೂ ನಂಬುತ್ತೇನೆ.

ಆಗ ಎದುರು ಮನೆಯ ಜಗಲಿಯಿಂದ ಸಾಹುಕಾರರ ತಾಯಿ ಪುಟ್ಟಗೌರಮ್ಮನವರು ಕೋಲೂರಿಕೊಂಡು ಇಳಿದು ಬಂದರು. ಜನ ದಾರಿ ಬಿಟ್ಟರು. ಮುಂದಿನ ವಾರ ಇದೇ ಕಟ್ಟಡದ ಮೇಲಂತಸ್ತಿನಲ್ಲಿ ಅವರದೇ ಗೃಹಪ್ರವೇಶವಿತ್ತು, ಹಾಲುಕ್ಕಿಸಬೇಕಾದವರು ಆ ತಾಯಿಯೇ.

“ಹಾರೆ ಮಡಗು ಶಿವ. ಇಟ್ಟ ಹೊಸ್ಲು ಕಿತ್ತ ಮನೇಲಿ ನಾನು ಹಾಲುಕ್ಕುಸಾಕಿಲ್ಲ.”

ಶಿವಣ್ಣನವರು ಪ್ಲಾನು, ಲೈಸೆನ್ಸು ಎಂದು ಏನೇನೋ ಹೇಳಿದರು. ಮುದುಕಿ ಕೇಳಿಸಿಕೊಳ್ಳಲಿಲ್ಲ. ಮಗ ಹಾರೆ ಇಳಿಸುವವರೆಗೆ ಅಲ್ಲೇ ನಿಂತಿದ್ದು, ಆಮೇಲೆ ಚಿಕ್ಕತಾಯಮ್ಮನ ಕಡೆ ನೋಡಿದರು.

“ನೀವು ಈ ಬೀದೀಲಿರೋದು ನಂಗೇನೂ ಇಷ್ಟ ಇಲ್ಲ ಕಣವ್ವ. ಹೊಸ್ಲು ಕೀಳ್ಸಿದ ಪಾಪ ನಂಗೆ ಬ್ಯಾಡ, ಅಷ್ಟೆಯ.”

“ಗೊತ್ತು ಬುಡಿ ಅವ್ವಾರೇ,” ಎಂದರು ಚಿಕ್ಕತಾಯಮ್ಮ. “ಅದ್ಕೇ ಹೊಸ್ಲು ತಂದಿದ್ದು.”

ಒಳಗೆ ಹಾಲು ಉಕ್ಕಿ ಒಲೆಗೆ ಬಿದ್ದ ವಾಸನೆ ಬಂತು. ಆಕೆ ಒಳಗೆ ಓಡಿದರು.

ಗೃಹಪ್ರವೇಶಕ್ಕೆ ಮುಂಚೆಯೇ ಶಿವಣ್ಣನವರು ತಿದ್ದಿದ ಪ್ಲಾನಿಗೆ ಸಹಿ ಹಾಕಿದರು. ಅದೇ ಲಿಂಟಲಿನ ಕೆಳಗೆ ಕಿಟಕಿಯ ಬದಲು ಬಾಗಿಲು ಇಡುವುದು ಸಣ್ಣ ಬದಲಾವಣೆ, ಮಾಲೀಕರು ಒಪ್ಪಿದರೆ ಸಕ್ರಮ ಮಾಡಬಹುದು. ನಾನೂ ಸಹಿ ಮಾಡಿದೆ. ವರ್ಷ ತುಂಬುವ ಮೊದಲೇ ನನಗೆ ಪಿರಿಯಾಪಟ್ಟಣಕ್ಕೆ ವರ್ಗವಾಯಿತು. ಕಾರಣ ನಾನು ಕೇಳಲಿಲ್ಲ, ಮೇಲಿನವರೂ ಹೇಳಲಿಲ್ಲ.

ಆಮೇಲೆ ನಿವೃತ್ತಿಯವರೆಗೆ ಬಡವರ ಮನೆಯಿರುವ ಪ್ಲಾನುಗಳು ನನ್ನ ಮೇಜಿಗೆ ಎಷ್ಟೋ ಬಂದವು. ಎಲ್ಲದರಲ್ಲೂ ಚದರಡಿ ಸರಿಯಿರುತ್ತಿತ್ತು, ಷರತ್ತು ಪಾಲಿಸಿರುತ್ತಿದ್ದರು. ನಾನು ಅದ್ಯಾವುದನ್ನೂ ಮೊದಲು ನೋಡುತ್ತಿರಲಿಲ್ಲ. ಪ್ಲಾನಿನ ಮೇಲೆ ಬೆರಳಿಟ್ಟು, ಈ ಮನೆಯ ಹೆಂಗಸು ಬೆಳಿಗ್ಗೆ ಎದ್ದು ರಂಗೋಲಿ ಎಲ್ಲಿ ಹಾಕುತ್ತಾಳೆ ಎಂದು ಕೇಳುತ್ತಿದ್ದೆ. ಕೆಲವರು ನಗುತ್ತಿದ್ದರು. ಉತ್ತರ ಬರುವವರೆಗೆ ನಾನು ಪೆನ್ನು ತೆಗೆಯುತ್ತಿರಲಿಲ್ಲ.